ಗಣಕಸ್ಮೃತಿಯ ಕಸವಿಲೇವಾರಿ

ಗಣಕಯಂತ್ರದ ಸ್ಮೃತಿಯಲ್ಲಿ ಬಳಕೆ ತೀರಿದ ವಸ್ತುಗಳನ್ನು ಅರಸಿ ತೆಗೆದು, ಅವು ಆಕ್ರಮಿಸಿದ್ದ ಸ್ಥಳವನ್ನು ಮರಳಿ ಉಪಯೋಗಕ್ಕೆ ತರುವ ಕ್ರಮವನ್ನು, ಎಂದರೆ ಈಗ ಗಾರ್ಬೇಜ್ ಕಲೆಕ್ಷನ್ ಎಂದು ಪ್ರಸಿದ್ಧವಾಗಿರುವುದನ್ನು, ಎಂ.ಐ.ಟಿ.ಯ ಜಾನ್ ಮೆಕಾರ್ಥಿಯವರು ತಮ್ಮ ಲಿಸ್ಪ್ ಭಾಷೆಗಾಗಿ ಕಲ್ಪಿಸಿ 1960ರ ಏಪ್ರಿಲಿನಲ್ಲಿ ಅಚ್ಚಾದ ಪ್ರಬಂಧದಲ್ಲಿ ವಿವರಿಸಿದರು. ಸ್ಥಳ ಮುಗಿದೊಡನೆ, ಪ್ರೋಗ್ರಾಮಿನ ಕೈಗೆಟಕುವ ವಸ್ತುಗಳಿಗೆಲ್ಲ ಗುರುತು ಹಾಕಿ ಉಳಿದವನ್ನು ಗುಡಿಸುವುದೇ ಅದರ ಸಾರ. ಕೈಗಾರಿಕಾ ಪ್ರತಿನಿಧಿಗಳೆದುರು ಲಿಸ್ಪಿನ ಮೊದಲ ನೇರ ಪ್ರದರ್ಶನ ನಡೆದಾಗ ಸ್ಮೃತಿ ನಡುವೆಯೇ ಬರಿದಾಗಿ, ಸೆಕೆಂಡಿಗೆ ಹತ್ತು ಅಕ್ಷರಗಳ ವೇಗದ ಫ್ಲೆಕ್ಸೊರೈಟರೆಂಬ ಬೆರಳಚ್ಚು ಯಂತ್ರವು, ಗಾರ್ಬೇಜ್ ಕಲೆಕ್ಟರನ್ನು ಕರೆಯಲಾಗಿದೆಯೆಂಬ ಒಕ್ಕಣೆಯನ್ನೂ ಅದರ ಅಂಕಿ-ಅಂಶಗಳನ್ನೂ ಸಾವಕಾಶವಾಗಿ ಅಚ್ಚಿಸತೊಡಗಲು, ಉಪನ್ಯಾಸಕರೂ ಸಭಿಕರೂ ನಕ್ಕು ಸುಸ್ತಾದರೆಂದು ಮೆಕಾರ್ಥಿಯವರೇ ಬರೆದಿರುವರು.

ಅದೇ ವರ್ಷ ಜಾರ್ಜ್ ಕಾಲಿನ್ಸರು ಇನ್ನೊಂದು ಹಾದಿ ತೋರಿದರು: ಪ್ರತಿ ವಸ್ತುವನ್ನೂ ಎಷ್ಟು ಕಡೆಯಿಂದ ಹಿಡಿದಿದೆಯೆಂದು ಎಣಿಸುತ್ತಿದ್ದು, ಎಣಿಕೆ ಸೊನ್ನೆಯಾದಾಗ ಬಿಟ್ಟುಬಿಡುವುದು. ಆದರೆ ಹುನ್ನೂರಿನಂಥ ಊರಿನ ಸೊಸಾಯಿಟಿಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಜಾಮೀನು ನಿಂತು, ಇಬ್ಬರೂ ಊರು ಬಿಟ್ಟ ಮೇಲೂ ದಫ್ತರದಲ್ಲಿ ಒಬ್ಬನ ಹೆಸರು ಇನ್ನೊಬ್ಬನದನ್ನು ಉಳಿಸಿಕೊಂಡಿರುವಂತೆ, ಪರಸ್ಪರ ಹಿಡಿದ ವಸ್ತುಗಳ ಎಣಿಕೆ ಎಂದಿಗೂ ಸೊನ್ನೆಯಾಗದು.

1991ರಲ್ಲಿ ಗೀಡೊ ವ್ಯಾನ್ ರೋಸಮ್ ಅವರು ಹೊರತಂದ ಪೈಥಾನ್ ಭಾಷೆಯ ಇಂಟರ್‌ಪ್ರಿಟರು ಈ ಎಣಿಕೆಯನ್ನೇ ಆಶ್ರಯಿಸಿತು. ಹೀಗೆ ಪರಸ್ಪರ ಹಿಡಿದ ವಸ್ತುಗಳ ಚಕ್ರಗಳನ್ನು ಹುಡುಕುವ ಏರ್ಪಾಡು 2000ದ ಎರಡನೆಯ ಆವೃತ್ತಿಯಲ್ಲಿ ಬಂದಿತು. ನಿಜವಾದ ಗಂಡಾಂತರವಿದ್ದುದು ಬೇರೆಡೆಯಲ್ಲಿ. ತಾನು ಅಳಿಯುವ ಮುನ್ನ ತೆರೆದ ಕಡತವನ್ನು ಮುಚ್ಚುವಂಥ ಕಾರ್ಯವೊಂದನ್ನು ನೆರವೇರಿಸಲು ವಸ್ತುವಿಗೆ 'ಡೆಲ್' ಎಂಬ ವಿಧಾನವನ್ನು ಕೊಟ್ಟಿರಲಾಗಿ, ಚಕ್ರದೊಳಗಿನ ಎರಡಕ್ಕೂ ಅದು ಇದ್ದಲ್ಲಿ ಯಾವುದನ್ನು ಮೊದಲು ನಡೆಸಬೇಕು? ಮೊದಲಿನದು ಅಳಿದರೆ ಎರಡನೆಯದರ ಡೆಲ್, ಇಲ್ಲದ ವಸ್ತುವನ್ನು ಮುಟ್ಟಲು ಹೋಗುತ್ತದೆ. ಈ ಸಂದಿಗ್ಧಕ್ಕೆ ಉತ್ತರವಿಲ್ಲದೆ ಇಂಟರ್‌ಪ್ರಿಟರು ಅವನ್ನು ವಿಲೇವಾರಿ ಮಾಡದೆ ಒಂದು ಪಟ್ಟಿಯಲ್ಲಿ ಹಾಗೆಯೇ ಇರಿಸುತ್ತಿತ್ತು. ಡೆಲ್ ತನ್ನ ವಸ್ತುವನ್ನೇ ಜೀವಂತ ಪಟ್ಟಿಯೊಂದಕ್ಕೆ ಸೇರಿಸಿದರೆ ಸತ್ತದ್ದು ಮತ್ತೆ ಬದುಕುತ್ತಿತ್ತು. ಪ್ರೋಗ್ರಾಮು ಮುಗಿಯುವ ವೇಳೆ ಮಾಡ್ಯೂಲುಗಳ ಹೆಸರುಗಳಿಗೆ 'ನನ್' ಎಂಬ ಶೂನ್ಯವಸ್ತುವನ್ನು ತುಂಬುತ್ತಿದ್ದುದರಿಂದ, ತಡವಾಗಿ ನಡೆದ ಡೆಲ್‌ಗೆ ತಾನು ಕರೆಯಬೇಕಾದ ಕಾರ್ಯದ ಬದಲು ಬರಿಯ ಶೂನ್ಯವೇ ಸಿಗುತ್ತಿತ್ತು.

2014ರ ಮಾರ್ಚಿನಲ್ಲಿ ಪೈಥಾನ್ 3.4ರೊಡನೆ ಆಂತ್ವಾನ್ ಪಿತ್ರೂ ಅವರ ಪರಿಹಾರ ಜಾರಿಗೆ ಬಂದಿತು. ಅದನ್ನು ಮೆಕಾರ್ಥಿಯವರ ಮೂಲಕಲ್ಪನೆಗೆ ಕಡಿಮೆಯಾದುದೆಂದು ನಾನು ಎಣಿಸಲಾರೆ. ಚಕ್ರದ ವಸ್ತುಗಳೆಲ್ಲ ಇನ್ನೂ ಅಖಂಡವಾಗಿರುವಾಗಲೇ ಎಲ್ಲದರ ಡೆಲ್‌ಗಳನ್ನೂ ಒಂದೊಂದೇ ಬಾರಿ ನಡೆಸಿ, ಯಾವುದಾದರೂ ಮರಳಿ ಬದುಕಿತೇ ಎಂದು ಪರೀಕ್ಷಿಸಿ, ಇಲ್ಲವೆಂದು ನಿಶ್ಚಯವಾದ ಬಳಿಕವೇ ಚಕ್ರವನ್ನು ಮುರಿಯುವುದು ಅದರ ಕ್ರಮ. ಜಾವಾ ಭಾಷೆಯವರು ಅನ್ಯಮಾರ್ಗ ಹಿಡಿದು, 2017ರ ಒಂಬತ್ತನೆಯ ಆವೃತ್ತಿಯಲ್ಲಿ, ಡೆಲ್ಲಿನಂಥದೇ ಆದ ತಮ್ಮ 'ಫೈನಲೈಜ್' ವಿಧಾನವನ್ನೇ ವರ್ಜ್ಯವೆಂದು ಸಾರಿದರು.