ಮುತ್ಯಾ ಮಹಾಯುದ್ಧಕ್ಕೆ ಹೋಗಿದ್ದರೇ? ಫಾರ್ವರ್ಡ್ ನಂಬುವ ಮುನ್ನ ದಾಖಲೆ ಹುಡುಕುವ ಬಗೆ ತಿಳಿಯಿರಿ

"ನಿಮ್ಮ ಅಜ್ಜ ಎರಡನೇ ಮಹಾಯುದ್ಧದಲ್ಲಿ ಇದ್ದರೇ? ಬ್ರಿಟಿಷ್ ಸರ್ಕಾರ ಮೊಮ್ಮಕ್ಕಳಿಗೂ ಹಣ ಕೊಡುತ್ತದೆ. ಆಧಾರ್, ಬ್ಯಾಂಕ್ ವಿವರ ಕಳಿಸಿ." ಇಂಥ ಸಂದೇಶ ನಿಮ್ಮ ಮೊಬೈಲ್‌ಗೆ ಬಂದರೆ ಮುಂದೆ ಕಳಿಸಬೇಡಿ. ಮೊಮ್ಮಕ್ಕಳಿಗೆ ಹಣ ಕೊಡುವ ಅಂಥ ಯೋಜನೆ ಇಲ್ಲ. ಆದರೆ ಸಂದೇಶ ಸುಳ್ಳು ಎಂದ ಮಾತ್ರಕ್ಕೆ ಮುತ್ಯಾನ ಕಥೆಯೂ ಸುಳ್ಳಾಗುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಮನೆಯೊಂದರಿಂದ ಯಾರಾದರೂ ಬರ್ಮಾಕ್ಕೋ ಸಿಂಗಪುರಕ್ಕೋ ಹೋಗಿದ್ದರು ಎಂಬ ಮಾತಿದ್ದರೆ ಅದನ್ನು ಪರಿಶೀಲಿಸಲು ದಾರಿಗಳಿವೆ.

ಮೊದಲು ವಯಸ್ಸಿನ ಲೆಕ್ಕ

ಎರಡನೇ ಮಹಾಯುದ್ಧ ನಡೆದದ್ದು 1939ರಿಂದ 1945ರವರೆಗೆ. 1945ರಲ್ಲಿ 18 ವರ್ಷದವರು ಎಂದರೆ 1927ರ ಸುಮಾರಿಗೆ ಹುಟ್ಟಿರಬೇಕು. ನಿಮ್ಮ ತಂದೆ ಅಥವಾ ಅಜ್ಜ ಹುಟ್ಟಿದ್ದು 1930ರ ನಂತರವಾದರೆ, ಮನೆಯಲ್ಲಿ ಹೇಳುವ "ಯುದ್ಧ" 1962, 1965 ಅಥವಾ 1971ರದ್ದಾಗಿರುವ ಸಾಧ್ಯತೆ ಹೆಚ್ಚು. ಅದು ಸ್ವತಂತ್ರ ಭಾರತದ ಸೇನೆಯ ಸೇವೆ. ಪಿಂಚಣಿ ಬರುತ್ತಿದ್ದರೆ ಪಿಂಚಣಿ ಆದೇಶದಲ್ಲೇ ಸೇನಾ ಸಂಖ್ಯೆ ಇರುತ್ತದೆ, ಹುಡುಕಾಟ ಬಹಳ ಸುಲಭವಾಗುತ್ತದೆ.

ಟ್ರಂಕಿನಲ್ಲಿ ಏನಿದೆ ನೋಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಡಿಸ್ಚಾರ್ಜ್ ಸರ್ಟಿಫಿಕೇಟ್. ಅದರಲ್ಲಿ ಸೇನಾ ಸಂಖ್ಯೆ, ಹುದ್ದೆ, ಪಡೆಯ ಹೆಸರು ಮತ್ತು ಸೇರಿದ ದಿನಾಂಕ ಇರುತ್ತವೆ. ಅದು ಇಲ್ಲದಿದ್ದರೆ ಹಳೆಯ ಮನಿಯಾರ್ಡರ್ ರಸೀದಿ, ಸಮವಸ್ತ್ರದ ಫೋಟೋ, ಟೋಪಿಯ ಬಿಲ್ಲೆ ಯಾವುದಾದರೂ ಸಹಾಯಕ್ಕೆ ಬರುತ್ತದೆ.

ಪದಕ ಸಿಕ್ಕರೆ ಅದೂ ಮಾತನಾಡುತ್ತದೆ. ಬರ್ಮಾ ಸ್ಟಾರ್ ಇದ್ದರೆ ಬರ್ಮಾ ರಣರಂಗ, ಆಫ್ರಿಕಾ ಸ್ಟಾರ್ ಇದ್ದರೆ ಉತ್ತರ ಆಫ್ರಿಕಾದ ಕಡೆಯ ಸೇವೆ. ಇಂಡಿಯಾ ಸರ್ವಿಸ್ ಮೆಡಲ್ ಭಾರತೀಯ ಪಡೆಗಳಲ್ಲಿ 3 ವರ್ಷ ಸೇವೆ ಸಲ್ಲಿಸಿದವರಿಗೆ ಕೊಟ್ಟದ್ದು. ಪದಕದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸಂಖ್ಯೆ, ಹೆಸರು, ಪಡೆ ಕೊರೆದಿರುತ್ತಾರೆ. ಎರಡನೇ ಯುದ್ಧದವುಗಳಲ್ಲಿ ಹೆಸರು ಇರಲೂಬಹುದು, ಇಲ್ಲದೆಯೂ ಇರಬಹುದು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ. "ಈ ಪದಕ ಚಿನ್ನದ್ದು, ಕೋಟಿ ಬೆಲೆ" ಎಂಬ ಮಾತನ್ನೂ ನಂಬಬೇಡಿ. ಸ್ಟಾರ್‌ಗಳು ತಾಮ್ರ ಮತ್ತು ಸತುವಿನ ಮಿಶ್ರಲೋಹದವು.

ಹೆಳವರು ಹೇಳುವುದು ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ. ಎತ್ತಿನ ಮೇಲೆ, ಗಾಡಿಯಲ್ಲಿ ಊರೂರು ತಿರುಗಿ ಮನೆತನದ ಪೀಳಿಗೆಗಳನ್ನು ಹೇಳುವ ಹೆಳವರು ಉತ್ತರ ಕರ್ನಾಟಕದ ವಂಶಾವಳಿಯ ದೊಡ್ಡ ಭಂಡಾರ. ಅವರಿಂದ ಸೇನಾ ಸಂಖ್ಯೆ ಸಿಗುವುದಿಲ್ಲ. ಆದರೆ ಮುತ್ಯಾನ ತಂದೆಯ ಹೆಸರು, ಅಣ್ಣತಮ್ಮಂದಿರು, ಮೂಲ ಊರು ತಿಳಿಯಬಹುದು. ಒಂದೇ ಹೆಸರಿನ ಹತ್ತು ಜನ ಸೈನಿಕರಲ್ಲಿ ನಿಮ್ಮವರು ಯಾರು ಎಂದು ಬೇರ್ಪಡಿಸಲು ತಂದೆಯ ಹೆಸರು ಮತ್ತು ಊರೇ ಬೇಕು. ಹೈದರಾಬಾದ್ ಕಾಲದ ಖಾಸ್ರಾ ಪಹಣಿಯಂಥ ಜಮೀನು ದಾಖಲೆಯೊಂದಿಗೆ ಅದನ್ನು ತಾಳೆ ನೋಡಿ.

ಹೈದರಾಬಾದ್ ರೆಜಿಮೆಂಟ್ ನಿಜಾಮರ ಸೈನ್ಯವೇ?

ಅಲ್ಲ. ನಮ್ಮ ಭಾಗದವರು ಹೆಚ್ಚು ಎಡವುವುದು ಇಲ್ಲಿಯೇ. ರಾಯಚೂರು ಜಿಲ್ಲೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆದರೆ "ಹೈದರಾಬಾದ್" ಹೆಸರಿನ ಪಡೆಗಳು ಎರಡು ಬಗೆ.

ಒಂದು, ಬ್ರಿಟಿಷ್ ಭಾರತದ ಸೇನೆಗೆ ಸೇರಿದ 19ನೇ ಹೈದರಾಬಾದ್ ರೆಜಿಮೆಂಟ್. ಇದರ ಬೇರು ಹೈದರಾಬಾದ್ ಕಂಟಿಂಜೆಂಟ್ ಎಂಬ ಹಳೆಯ ಪಡೆಯಲ್ಲಿದೆ. 19ನೇ ಶತಮಾನದಲ್ಲಿ ಲಿಂಗಸುಗೂರಿನಲ್ಲೂ ಆ ಪಡೆಯ ಛಾವಣಿ ಇತ್ತು. 1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೇನೆಯಲ್ಲಿ ಸೇರಿಹೋಯಿತು. 1945ರ ಅಕ್ಟೋಬರ್‌ನಲ್ಲಿ ರೆಜಿಮೆಂಟಿನ ಹೆಸರು ಕುಮಾವೂಂ ರೆಜಿಮೆಂಟ್ ಎಂದಾಯಿತು. ಆದ್ದರಿಂದ ಇದರ ದಾಖಲೆ ಹೈದರಾಬಾದಿನಲ್ಲಿಲ್ಲ, ಉತ್ತರಾಖಂಡದ ರಾಣಿಖೇತ್‌ನಲ್ಲಿ ಕೇಳಬೇಕು. ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾ ಯುದ್ಧದಲ್ಲಿ ಮುನ್ನಡೆಸಿದ್ದು ಇದೇ ರೆಜಿಮೆಂಟಿನ 8ನೇ ಬೆಟಾಲಿಯನ್ ಅನ್ನು.

ಎರಡು, ನಿಜಾಮರ ಸಂಸ್ಥಾನದ ಸ್ವಂತ ಪಡೆ. ಅದರ 1ನೇ ಹೈದರಾಬಾದ್ ಇನ್‌ಫೆಂಟ್ರಿ ಮಲಯಾದಲ್ಲಿತ್ತು. 1941ರ ಡಿಸೆಂಬರ್ 8ರಂದು ಜಪಾನೀಯರು ಕೋಟಾ ಭಾರುವಿನಲ್ಲಿ ಇಳಿದಾಗ ಅಲ್ಲಿನ ವಿಮಾನ ನಿಲ್ದಾಣದ ಕಾವಲಿನಲ್ಲಿದ್ದದ್ದು ಇದೇ ಪಡೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಅನೇಕರು ಆಜಾದ್ ಹಿಂದ್ ಫೌಜ್ ಸೇರಿದರು, ಉಳಿದವರು ಯುದ್ಧಕೈದಿಗಳಾಗಿಯೇ ಇದ್ದರು. "ಸಿಂಗಪುರಕ್ಕೆ ಹೋದವರ ಸುದ್ದಿಯೇ ಬರಲಿಲ್ಲ" ಎಂದು ಮನೆಯಲ್ಲಿ ಹೇಳುತ್ತಿದ್ದರೆ ಈ ಕಾಲವನ್ನು ಗಮನದಲ್ಲಿಡಿ.

1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮರ ಸೈನ್ಯವನ್ನು ವಿಸರ್ಜಿಸಲಾಯಿತು. ಸಂಸ್ಥಾನದ ಆಡಳಿತ ಕಡತಗಳು ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಅನೇಕ ಕಡತಗಳು ಉರ್ದು, ಫಾರಸಿಯಲ್ಲಿವೆ, ಓದಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

ಬೇರೆ ಪಡೆಗಳ ದಾಖಲೆ ಎಲ್ಲಿ?

ಸಾಮಾನ್ಯ ಭಾರತೀಯ ಸೈನಿಕರ ಸೇವಾ ಕಡತಗಳು ಲಂಡನ್‌ನಲ್ಲಿವೆ ಎಂಬುದು ತಪ್ಪು ತಿಳಿವಳಿಕೆ. ಅಲ್ಲಿ ಸಿಗುವುದು ಹೆಚ್ಚಾಗಿ ಅಧಿಕಾರಿಗಳ ಕಡತ. ಜವಾನರ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ:

- ಮದ್ರಾಸ್ ಸ್ಯಾಪರ್ಸ್ (ಎಂಇಜಿ): ಬೆಂಗಳೂರು
- ಮರಾಠಾ ಲೈಟ್ ಇನ್‌ಫೆಂಟ್ರಿ: ಬೆಳಗಾವಿ
- ಮದ್ರಾಸ್ ರೆಜಿಮೆಂಟ್: ನೀಲಗಿರಿಯ ವೆಲ್ಲಿಂಗ್ಟನ್
- ಫಿರಂಗಿ ದಳ: ನಾಸಿಕ್ ರೋಡ್
- ವಾಯುಪಡೆ: ದೆಹಲಿಯ ಸುಬ್ರೋತೋ ಪಾರ್ಕ್

1947ರಲ್ಲಿ ಸೇನೆಯೂ ವಿಭಜನೆಯಾಯಿತು. ಬಲೂಚ್ ರೆಜಿಮೆಂಟಿನಂಥ ಪಡೆಗಳು ಪಾಕಿಸ್ತಾನಕ್ಕೆ ಹೋದವು. ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳ ಬಂಗಾಳಿ ಕುಟುಂಬಗಳು ಹಿರಿಯರ ಸೇವೆ ಹುಡುಕುವಾಗ, ಅವರ ಪಡೆ ಯಾವ ದೇಶದ ಪಾಲಿಗೆ ಹೋಯಿತು ಎಂಬುದನ್ನು ಮೊದಲು ನೋಡಬೇಕು.

ಅರ್ಜಿ ಹೇಗೆ?

ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ, ಅಥವಾ ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಸಾಮಾನ್ಯ ಗಡುವು 30 ದಿನ. ಹೆಸರು, ತಂದೆಯ ಹೆಸರು, ಊರು, ಅಂದಾಜು ವರ್ಷ, ಗೊತ್ತಿದ್ದರೆ ಸೇನಾ ಸಂಖ್ಯೆ ಬರೆದು, ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ.

"ಕಡತ ನಾಶವಾಗಿದೆ" ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತಗಳನ್ನು ಸೇನೆಯ ನಿಯಮದಂತೆ 25 ವರ್ಷ ಇಟ್ಟು ನಾಶಮಾಡುತ್ತಾರೆ. ಆದರೆ "ಲಾಂಗ್ ರೋಲ್" ಎಂಬ ಹೆಸರುಪಟ್ಟಿಯ ದಪ್ಪ ಪುಸ್ತಕ ಉಳಿದಿರುತ್ತದೆ. "ಲಾಂಗ್ ರೋಲ್‌ನಲ್ಲಿರುವ ನಮೂದಿನ ಪ್ರತಿ ಕೊಡಿ" ಎಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಕೇಳಿ.

ಆನ್‌ಲೈನ್ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ?

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಉಚಿತವಾಗಿ ಹುಡುಕಬಹುದು. ಆದರೆ ಅಲ್ಲಿರುವುದು ಎರಡು ಮಹಾಯುದ್ಧಗಳಲ್ಲಿ ಮಡಿದವರ ಹೆಸರು ಮಾತ್ರ. ಎರಡನೇ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೇವೆಯಲ್ಲಿದ್ದರು, ಮಡಿದವರು ಸುಮಾರು 87,000. ಅಂದರೆ 100ರಲ್ಲಿ 96ಕ್ಕೂ ಹೆಚ್ಚು ಜನ ಬದುಕಿ ಮರಳಿದವರು, ಅವರ ಹೆಸರು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಮನೆಗೆ ಮರಳದವರಿದ್ದರೆ ಮಾತ್ರ ಇಲ್ಲಿ ಗಮನವಿಟ್ಟು ಹುಡುಕಿ. ದೇಹ ಸಿಗದವರ ಹೆಸರುಗಳನ್ನೂ ಸಿಂಗಪುರದ ಕ್ರಾಂಜಿ, ಮ್ಯಾನ್ಮಾರ್‌ನ ತೌಕ್ಯಾನ್ ಸ್ಮಾರಕಗಳಲ್ಲಿ ಕೆತ್ತಿದ್ದಾರೆ.

ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ. ಬಸಪ್ಪ "ಬುಸಪ್ಪ" ಆಗಿರಬಹುದು, ಲಿಂಗಸುಗೂರು "ಲಿಂಗಸಾಗರ್" ಆಗಿರಬಹುದು. ನಾಲ್ಕಾರು ಬಗೆಯ ಸ್ಪೆಲ್ಲಿಂಗ್ ಹಾಕಿ ನೋಡಿ. ರಾಜ್ಯದ ಜಾಗದಲ್ಲಿ ಮೈಸೂರು, ಕರ್ನಾಟಕ ಹಾಕಬೇಡಿ, ಹೈದರಾಬಾದ್ ಹಾಕಿ. ಆಜಾದ್ ಹಿಂದ್ ಫೌಜ್‌ನ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ "ಅಭಿಲೇಖ್ ಪಟಲ್" ಪೋರ್ಟಲ್ ನೋಡಿ.

ಹಾಗಾದರೆ ಹಣ ಯಾರಿಗೆ?

ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಸೈನಿಕರು ಮತ್ತು ಅವರ ವಿಧವೆಯರಿಗೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಗೌರವಧನವಿದೆ. ಮಕ್ಕಳು, ಮೊಮ್ಮಕ್ಕಳು ಇದಕ್ಕೆ ಬರುವುದಿಲ್ಲ. ನಿಮ್ಮ ಊರಿನಲ್ಲಿ ಅಂಥ ಸೈನಿಕರ ಪತ್ನಿ, ತೊಂಬತ್ತು ದಾಟಿದ ಅಜ್ಜಿ ಇನ್ನೂ ಇದ್ದರೆ, ಡಿಸ್ಚಾರ್ಜ್ ಪತ್ರ ಹಿಡಿದು ಇಲಾಖೆಯ ಕಚೇರಿಗೆ ಇಂದೇ ಹೋಗಿ. ಅದು ಅವರ ಹಕ್ಕು. ಯಾವ ಏಜೆಂಟರಿಗೂ ಹಣ ಕೊಡಬೇಕಿಲ್ಲ, ಯಾರಿಗೂ ಒಟಿಪಿ ಹೇಳಬೇಕಿಲ್ಲ.

ಕೊನೆಯದಾಗಿ: ಮೊಮ್ಮಕ್ಕಳಿಗೆ ಬ್ರಿಟಿಷ್ ಹಣ ಎಂಬುದು ಸುಳ್ಳು. ಮುತ್ಯಾನ ಸೇವೆಗೆ ದಾಖಲೆ ಸಿಗಬಹುದು ಎಂಬುದು ನಿಜ. ಕಾಗದ ಕಾಯುತ್ತದೆ, ಮನುಷ್ಯರ ನೆನಪು ಕಾಯುವುದಿಲ್ಲ. ಮನೆಯ ಹಿರಿಯರ ಮಾತನ್ನು ಇದೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಪದಕದ ಎರಡೂ ಬದಿಯ ಫೋಟೋ ತೆಗೆದಿಡಿ. ಸೇನಾ ಸಂಖ್ಯೆ, ಆಧಾರ್ ಇರುವ ಕಾಗದವನ್ನು ಮಾತ್ರ ಗ್ರೂಪಿಗೆ ಹಾಕಬೇಡಿ.