ನೂಲು, ನೂಲುವುದು

ಹತ್ತಿಯಿಂದ ಎಳೆದು ಹೊಸೆದದ್ದು ನೂಲು. ಹಾಗೆ ಎಳೆದು ಹೊಸೆಯುವ ಕೆಲಸಕ್ಕೂ ಅದೇ ಪದ: ನೂಲು. ವಸ್ತುವಿಗೂ ಕೆಲಸಕ್ಕೂ ಒಂದೇ ಮಾತಿರುವ ಪದಗಳು ಕನ್ನಡದಲ್ಲಿ ಕಡಿಮೆಯೇನಲ್ಲ, ಆದರೆ ನನಗೆ ಎಲ್ಲಕ್ಕಿಂತ ಪ್ರೀತಿಯದು ಇದು. ‘ಕೈಯಿಂದ ನೂತ ನೂಲು’ ಎಂದು ಖಾದಿಯವರು ಹೇಳುವಾಗ ಕೆಲಸ, ವಸ್ತು ಎರಡೂ ಒಟ್ಟಿಗೆ ಕಣ್ಣಿಗೆ ಬರುತ್ತವೆ. ಉಳಿದವರ ಮಾತಿನಲ್ಲಿ ಈಗ ವಸ್ತುವಷ್ಟೇ ಉಳಿದಿದೆ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಎನ್ನುತ್ತೇವೆ, ಶ್ರಾವಣದಲ್ಲಿ ನೂಲ ಹುಣ್ಣಿಮೆ ಮಾಡುತ್ತೇವೆ. ನೂಲುವವರನ್ನು ಮಾತ್ರ ಹುಡುಕಬೇಕು.

ಬೆಳಗಾವಿಯ ನಮ್ಮ ಹಿಂದವಾಡಿಯಲ್ಲಿ ಈ ಪದಕ್ಕೆ ಇನ್ನಷ್ಟು ನೆಂಟರಿದ್ದಾರೆ. ಮರಾಠಿ ಮನೆಗಳಲ್ಲಿ ಅದು ಸೂತ. ಹೆಣಿಗೆ ಹಾಕುವವರಿಗೆ ಉಲ್ಲನ್, ಹೊಲಿಯುವವರಿಗೆ ದಾರ. ಉದ್ಯಮಬಾಗದ ಕಡೆ ಹೋದರೆ ಸೂತ ಒಂದು ಅಳತೆಯೇ ಆಗಿಬಿಟ್ಟಿದೆ: ಇಂಚಿನ ಎಂಟನೆಯ ಒಂದು ಪಾಲು. ಮೂರು ಸೂತಿನ ಸಳಿ ಕೊಡ್ರಿ ಎಂದು ಕಬ್ಬಿಣದ ಅಂಗಡಿಯಲ್ಲಿ ಕೇಳುವವನು ಚರಕದ ಪದವನ್ನೇ ಆಡುತ್ತಿರುತ್ತಾನೆ. ಎಳೆಯ ದಪ್ಪವನ್ನು ಕಣ್ಣಳತೆಯಲ್ಲೇ ಹೇಳಬಲ್ಲವರು ಒಂದು ಕಾಲಕ್ಕೆ ಎಷ್ಟು ಜನ ಇದ್ದಿರಬೇಕು!

ನೂಲು ಚಂದಾ ಹಣವಾದದ್ದೂ ನಮ್ಮ ನೆರೆಯಲ್ಲೇ. 1924ರ ಡಿಸೆಂಬರ್ 26, 27ರಂದು ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಕಾಂಗ್ರೆಸ್ಸಿನ ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂದು ಅಲ್ಲಿ ಒಪ್ಪಿದರು. ದಿನಕ್ಕೆ ಅರ್ಧ ಗಂಟೆ ನೂಲಿದರೆ ಸಾಕೆಂಬುದು ಗಾಂಧೀಜಿಯ ಲೆಕ್ಕ. ನೂಲಲು ಮನಸ್ಸಿಲ್ಲದವರು ಬೇರೆಯವರಿಂದ ನೂಲಿಸಿ ಕೊಡಬಹುದೆಂಬ ಸಡಿಲಿಕೆಯೂ ಇತ್ತು. ಪದದ ಪಾಡು ಅಲ್ಲೇ ಕೆಟ್ಟಿತೆಂದು ನನಗನ್ನಿಸುತ್ತದೆ: ನೂಲಿಸಿದ ನೂಲಿನಲ್ಲಿ ಕೊಡುವವನ ಕೈ ಇಲ್ಲ. ಮರುವರ್ಷವೇ ಪಾಟ್ನಾದಲ್ಲಿ ನಿಯಮ ಬದಲಾಯಿತು, ನೂಲಿನ ಬದಲು ನಾಲ್ಕಾಣೆ ಕೊಟ್ಟರೂ ನಡೆಯುವಂತಾಯಿತು. ಆದರೂ ಆ ಹುಮ್ಮಸ್ಸು ಪೂರ್ತಿ ಆರಲಿಲ್ಲ. ಕಾಂಗ್ರೆಸ್ ಮುಂದಾಳು ಗಂಗಾಧರರಾವ್ ದೇಶಪಾಂಡೆಯವರು ಹತ್ತಿರದ ಹುದಲಿಯಲ್ಲಿ ಖಾದಿ ಕಟ್ಟಿದರು, 1937ರಲ್ಲಿ ಗಾಂಧೀಜಿ ಆ ಹಳ್ಳಿಗೇ ಬಂದು ಉಳಿದರು.

ಇದನ್ನೆಲ್ಲ ಬರೆಯುವಂತೆ ಮಾಡಿದ್ದು ವಡಗಾವಿಯ ನೂಲಿನ ಅಂಗಡಿಯೊಂದರಲ್ಲಿ ಕಿವಿಗೆ ಬಿದ್ದ ಮಾತು.

“ಕಾಕಾರ, ಕೋನ್ ಬ್ಯಾಡ್ರಿ, ಲಡೀನ ಬೇಕು.”

“ಲಡಿ ತಗೊಂಡ್ ಏನ್ ಮಾಡ್ತೀಯವಾ?”

“ಮನ್ಯಾಗ ಬಣ್ಣ ಹಾಕ್ತೇನ್ರಿ.”

ಆ ಹುಡುಗಿ ಕೇಳಿದ್ದು ಸರಿಯಾದದ್ದನ್ನೇ. ಕೋನಿಗೆ ಬಿಗಿಯಾಗಿ ಸುತ್ತಿದ ನೂಲನ್ನು ಮನೆಯ ಪಾತ್ರೆಯಲ್ಲಿ ಅದ್ದಿದರೆ ಬಣ್ಣ ಮೇಲಿನ ಸುತ್ತುಗಳಿಗಷ್ಟೇ ಹತ್ತುತ್ತದೆ. ಸಡಿಲವಾಗಿ ಸುತ್ತಿ ಅಲ್ಲಲ್ಲಿ ಕಟ್ಟಿದ ಲಡಿಯಾದರೆ ನೀರು ಎಳೆ ಎಳೆಗೂ ಇಳಿಯುತ್ತದೆ. ಕೈಮಗ್ಗದವರಿಗೂ ಬಣ್ಣಗಾರರಿಗೂ ಬೇಕಾದದ್ದು ಲಡಿಯೇ. ಅದಕ್ಕೆಂದೇ ಗಿರಣಿಗಳು ತಮ್ಮ ನೂಲಿನ ಒಂದು ಪಾಲನ್ನು ಲಡಿಯಾಗಿಯೇ ಕಟ್ಟಬೇಕೆಂಬ ಸರಕಾರಿ ನಿಯಮವಿದೆ. ಮೊದಲು ಶೇ. 50 ಇತ್ತು, 2003ರಲ್ಲಿ 40ಕ್ಕೆ, 2019ರಲ್ಲಿ 30ಕ್ಕೆ ಇಳಿಯಿತು. ಮನೆಯಲ್ಲಿ ಬಣ್ಣ ಹಾಕಲು ಹೊರಟವರು ಹೆಚ್ಚುವ ಹೊತ್ತಿನಲ್ಲೇ ಲಡಿ ಕಡಿಮೆಯಾಗುತ್ತಿರುವುದು ನನಗೆ ಬೇಸರದ ಸಂಗತಿ.

ಈಗ ಹೊರದೇಶಗಳಲ್ಲಿ ಒಂಟಿಯಾಗಿ ಬಣ್ಣ ಹಾಕಿ ಮಾರುವವರು ಬಹಳ. ಅವರ ಕಾಲುಚೀಲದ ನೂಲಿನ ಲಡಿ ಸಾಮಾನ್ಯವಾಗಿ 100 ಗ್ರಾಂ, ಸುಮಾರು 400 ಮೀಟರ್. ಹೆಚ್ಚಿನವರ ಆರಂಭ ಅಡಿಗೆಮನೆಯಲ್ಲೇ. ನಮ್ಮಲ್ಲೂ ಹಾಗೆಯೇ ಆಗಲಿ, ಸಾಮಾನಿಗೇನೂ ಕೊರತೆಯಿಲ್ಲ. ಉಳ್ಳಾಗಡ್ಡಿ ಸಿಪ್ಪೆ ಕುದಿಸಿದರೆ ಚಿನ್ನದ ಛಾಯೆ ಬರುತ್ತದೆ. ಅರಿಸಿನ ಕೂಡಲೇ ಹತ್ತುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಮಾಸುತ್ತದೆ. ಹತ್ತಿ ಮಾತ್ರ ಸುಲಭಕ್ಕೆ ಬಣ್ಣ ಹಿಡಿಯುವುದಿಲ್ಲ. ಮೊದಲು ಚೆನ್ನಾಗಿ ಕುದಿಸಿ ಅದರ ಮೇಣ ತೆಗೆಯಬೇಕು, ಅಳಲೆಕಾಯಿಯ ಒಗರು ಕುಡಿಸಬೇಕು, ಆಮೇಲೆ ಪಟಿಕದ ನೀರು. ಇಷ್ಟು ತಾಳ್ಮೆಯಿಲ್ಲದವರ ಬಣ್ಣ ಮೊದಲ ಒಗೆತಕ್ಕೇ ಬಚ್ಚಲಿಗೆ ಹೋಗುತ್ತದೆ. ಹೆಗ್ಗೋಡಿನ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನ ಕೆಂಗಂದನ್ನು ನಾಡಿಗೆಲ್ಲ ಪರಿಚಯಿಸಿದ್ದಾರೆ. ಮಲೆನಾಡಿನ ಅಂಚಿನಲ್ಲಿರುವ ಖಾನಾಪುರದವರು ಅವರಿಂದ ಕಲಿಯಬಹುದಾದದ್ದು ಬಹಳವಿದೆ.

ನೀಲಿಯ ಕತೆಯೇ ಬೇರೆ. ನೀಲಿಯ ಹಂಡೆಯಿಂದ ಲಡಿ ಹೊರಗೆ ಬರುವಾಗ ಹಳದಿಮಿಶ್ರ ಹಸಿರು. ಗಾಳಿ ತಾಗಿದ ಮೇಲೇ ನೀಲಿ. ಈ ಕೆಲಸ ಮಾಡುತ್ತಿದ್ದವರು ನೀಲಗಾರರು, ಉತ್ತರ ಕರ್ನಾಟಕದಲ್ಲಿ ಇಂದಿಗೂ ಅದು ಅಡ್ಡಹೆಸರು. ದಕ್ಷಿಣಕ್ಕೆ ಹೋದರೆ ನೀಲಗಾರರೆಂದರೆ ಮಂಟೇಸ್ವಾಮಿಯ ಕಾವ್ಯ ಹಾಡುವವರು.

ಬಣ್ಣವೇ ಬೇಡದ ನೂಲೂ ಒಂದಿದೆ. ದಖನಿ ಕುರಿಯ ಕರಿ ಉಣ್ಣೆಯನ್ನು ಕುರುಬರ ಹೆಂಗಸರು ಹಾಗೆಯೇ ನೂಲುತ್ತಾರೆ, ಹುಣಸೆಬೀಜದ ಗಂಜಿ ಕೊಟ್ಟ ಆ ನೂಲು ಕಂಬಳಿಯಾಗುತ್ತದೆ. ‘ನೂಲುತ್ತೇನೆ’ ಎಂಬ ಮಾತನ್ನು ಹಕ್ಕಿನಿಂದ ಆಡಬಲ್ಲವರು ಇವರು. ಹನ್ನೆರಡನೆಯ ಶತಮಾನದ ವಚನಕಾರ್ತಿ ಕದಿರ ರೆಮ್ಮವ್ವೆಯ ಹೆಸರಿಗೇ ನೂಲುವ ಕಡ್ಡಿ ಅಂಟಿಕೊಂಡಿದೆ. ಕದಿರು ಎಂದರೆ ಸೂರ್ಯನ ಕಿರಣವೂ ಹೌದು.

ಮನೆಯಲ್ಲಿ ಬಣ್ಣ ಹಾಕುವ ಹೆಣ್ಣುಮಕ್ಕಳಿಗೆ ನನ್ನದೊಂದು ಬೇಡಿಕೆ. ಗಿರಣಿಯ ಲಡಿ ಸಿಗುವಷ್ಟು ದಿನ ಸಿಗಲಿ, ಅದರ ಜೊತೆಗೆ ಕದಿರನ್ನೂ ಕೈಗೆ ತೆಗೆದುಕೊಳ್ಳಿ. ನೆಟ್ಟಗಿನ ಒಂದು ಕಡ್ಡಿ, ಅದರ ಬುಡಕ್ಕೆ ಭಾರದ ಒಂದು ಬಿಲ್ಲೆ, ಇಷ್ಟೇ ಅದರ ಯಂತ್ರ. ಮೊದಲ ದಿನಗಳ ಎಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬರುತ್ತದೆ, ನಡುವೆ ಹರಿಯುತ್ತದೆ. ಬಣ್ಣ ಹಾಕಿ ನೋಡಿ: ಹೊಸೆತ ಸಡಿಲಿದ್ದಲ್ಲಿ ಗಾಢವಾಗಿ, ಬಿಗಿಯಿದ್ದಲ್ಲಿ ತಿಳಿಯಾಗಿ ಹಿಡಿಯುತ್ತದೆ.