ಕೊನೆಯ ನೂರ ನಲವತ್ತು ಮೀಟರ್

ಹತ್ತು ಕಿಲೋಮೀಟರ್ ಓಟವನ್ನು ಒಂದು ಗಂಟೆಯೊಳಗೆ ಮುಗಿಸಬೇಕೆಂಬ ಹಟ ನನಗೆ ಹುಟ್ಟಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತ ಎರಡು ದಶಕ ಕಳೆದಿದ್ದೆ. ನನ್ನ ಅಪ್ಪ ಐವತ್ತೆರಡಕ್ಕೆ, ಒಂದು ಸಂಜೆ ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆ ವಯಸ್ಸು ನನಗೂ ಹತ್ತಿರವಾಗುತ್ತಿದೆ ಎನ್ನಿಸಿದಾಗ ಓಡಲು ಶುರು ಮಾಡಿದೆ. ಮಗಳು ತನ್ನ ಮೊದಲ ಸಂಬಳದಲ್ಲಿ ಜಿಪಿಎಸ್ ಗಡಿಯಾರವೊಂದನ್ನು ಕೊಡಿಸಿದಳು.

ಐದು ತಿಂಗಳು ಅಭ್ಯಾಸ ಮಾಡಿ ಬೆಂಗಳೂರಿನ ಒಂದು ಭಾನುವಾರದ ಓಟಕ್ಕೆ ಹೋದೆ. ದಾರಿಯುದ್ದಕ್ಕೂ ಕಣ್ಣು ಮಣಿಕಟ್ಟಿನ ಮೇಲೆಯೇ. 59 ನಿಮಿಷ 14 ಸೆಕೆಂಡಿಗೆ ಗಡಿಯಾರ ಗುಂಯ್ ಎಂದು ನಡುಗಿತು: ಹತ್ತು ಕಿಲೋಮೀಟರ್ ಮುಗಿಯಿತು! ಎರಡೂ ಕೈ ಮೇಲೆತ್ತಿದೆ. ತಲೆ ಎತ್ತಿ ನೋಡಿದರೆ ಮುಕ್ತಾಯದ ಕಮಾನು ಇನ್ನೂ ನೂರ ನಲವತ್ತು ಮೀಟರ್ ಆಚೆಗಿತ್ತು. ಕಾಲಲ್ಲಿ ಏನೂ ಉಳಿದಿರಲಿಲ್ಲ. ಎಳೆದುಕೊಂಡು ಹೋಗಿ ಕಮಾನು ದಾಟಿದಾಗ ಸಮಯ ಒಂದು ಗಂಟೆ ನಾಲ್ಕು ಸೆಕೆಂಡು.

"ದಾರಿಯನ್ನೇ ತಪ್ಪಾಗಿ ಅಳೆದಿದ್ದಾರೆ" ಎಂದು ನಾನು ಕೂಗಾಡುತ್ತಿದ್ದಾಗ, ಪಕ್ಕದಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಹಿರಿಯರೊಬ್ಬರು ನಕ್ಕರು. ಕಾರ್ಖಾನೆಯೊಂದರಿಂದ ನಿವೃತ್ತರಾದವರು, ನಮ್ಮ ಬಡಾವಣೆಯವರೇ. "ದಾರಿ ಸರಿಯಾಗೇ ಇದೆ ಮೇಷ್ಟ್ರೇ. ಅದನ್ನ ಅಳೆದಿದ್ದು ಸೈಕಲ್ಲು. ನಿಮ್ಮ ಗಡಿಯಾರ ಅಡ್ಡಾಡಿಕೊಂಡು ಬಂದಿದೆ" ಎಂದರು.

ಉಪಗ್ರಹಕ್ಕಿಂತ ಸೈಕಲ್ ನಿಖರವೇ? ನನಗೆ ಅವಮಾನವಾದಂತಾಯಿತು. ಅದೇ ವಾರ, ಇತಿಹಾಸದ ಮೇಷ್ಟ್ರು ಮಾಡಬಹುದಾದ ಒಂದೇ ಕೆಲಸವನ್ನು ಮಾಡಿದೆ. ಓಟವನ್ನು ಯಾರು, ಯಾವಾಗ, ಯಾವುದರಿಂದ ಅಳೆಯಲು ಶುರು ಮಾಡಿದರು ಎಂದು ಹುಡುಕುತ್ತ ಕೂತೆ.

ನಮ್ಮಜ್ಜಿಗೆ ದೂರವೆಂದರೆ ಮೈಯಳತೆ. ಬಟ್ಟೆಗೆ ಮೊಳ, ಬಾವಿಯ ಹಗ್ಗಕ್ಕೆ ಮಾರು, ಪಕ್ಕದ ತೋಟಕ್ಕೆ ಕೂಗಳತೆ, ತವರೂರಿಗೆ ಹರದಾರಿಗಳ ಲೆಕ್ಕ. ಮೈಸೂರು ಸಂಸ್ಥಾನದ ಅಂಚೆಯನ್ನು ಹೊತ್ತು ಓಡುತ್ತಿದ್ದವರೂ ಇಂಥ ಲೆಕ್ಕದಲ್ಲೇ ಬದುಕಿದ್ದಿರಬೇಕು. ಮುಂದಿನ ಕಟ್ಟೆಯಲ್ಲಿ ಚೀಲ ಕೈ ಬದಲಾದರೆ ಅವರ ಓಟ ಮುಗಿಯಿತು. ಆ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಯಿತು. ಓಡಿದ್ದಕ್ಕೆ ಸೆಕೆಂಡುಗಳ ಲೆಕ್ಕ ಬೇಕಾದದ್ದು ಓಟ ಪಂದ್ಯವಾದ ಮೇಲೆ. ಆ ಲೆಕ್ಕವನ್ನು ತೀರ್ಪುಗಾರರ ಕೈಯಿಂದ ಓಟಗಾರನ ಕೈಗೆ ತಂದವರಲ್ಲಿ ಎಲ್ಲರಿಗಿಂತ ಹೆಸರಾದವನು ಫಿನ್ಲೆಂಡಿನ ಪಾವೊ ನೂರ್ಮಿ.

ನೂರ್ಮಿ ಹುಟ್ಟಿದ್ದು 1897ರಲ್ಲಿ, ತುರ್ಕು ಎಂಬ ಊರಿನಲ್ಲಿ. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ತಂದೆ ತೀರಿಕೊಂಡರು. ಹುಡುಗ ಶಾಲೆ ಬಿಟ್ಟು ಬೇಕರಿಯೊಂದರ ಕೈಗಾಡಿಯನ್ನು ಏರುದಾರಿಯಲ್ಲಿ ತಳ್ಳುವ ಕೆಲಸಕ್ಕೆ ಸೇರಿದ. 1920ರ ಆಂಟ್ವರ್ಪ್ ಒಲಿಂಪಿಕ್ಸಿನ 5000 ಮೀಟರ್ ಓಟದಲ್ಲಿ ಅವನು ಫ್ರಾನ್ಸಿನ ಜೋಸೆಫ್ ಗಿಯೆಮೊಗೆ ಸೋತ. ಗಿಯೆಮೊ ಮೊದಲ ಮಹಾಯುದ್ಧದಲ್ಲಿ ವಿಷಾನಿಲ ಕುಡಿದು ಬದುಕಿ ಬಂದವನು. ತನ್ನ ವೇಗ ಒಂದೇ ಹದದಲ್ಲಿರಲಿಲ್ಲ ಎಂಬುದು ನೂರ್ಮಿಗೆ ಅರ್ಥವಾಯಿತು. ಅಲ್ಲಿಂದ ಮುಂದೆ ಅವನ ಅಂಗೈಯಲ್ಲಿ ಒಂದು ಸ್ಟಾಪ್‌ವಾಚ್ ಬಂತು. ಪ್ರತಿ ಸುತ್ತಿಗೂ ಅದನ್ನು ನೋಡಿಕೊಳ್ಳುತ್ತ, ಎದುರಾಳಿಗಳನ್ನು ನೋಡದೆ ಓಡಿದ. 1924ರ ಜುಲೈ 10ರಂದು ಪ್ಯಾರಿಸ್ಸಿನಲ್ಲಿ 1500 ಮೀಟರ್ ಗೆದ್ದು, ಅದೇ ದಿನ 5000 ಮೀಟರನ್ನೂ ಗೆದ್ದ. ಅಂದಿನ 1500 ಮೀಟರಿನ ಕೊನೆಯ ಸುತ್ತು ಬಂದಾಗ ಗಡಿಯಾರವನ್ನು ಒಮ್ಮೆ ನೋಡಿ, ಹುಲ್ಲಿನ ಮೇಲೆ ಎಸೆದು ಮುಂದೆ ಹೋದ.

ಈ ಪ್ರಸಂಗವನ್ನು ಓದಿದಾಗ ನನ್ನ ಐದು ತಿಂಗಳ ಅಭ್ಯಾಸ ನೆನಪಾಗಿ ನಾಚಿಕೆಯಾಯಿತು. ನೂರ್ಮಿ ಗಡಿಯಾರವನ್ನು ಬಹುಪಾಲು ಬಳಸಿದ್ದು ತನ್ನನ್ನು ತಡೆದುಕೊಳ್ಳಲು. ಮೊದಲ ಸುತ್ತುಗಳಲ್ಲೇ ಎಲ್ಲವನ್ನೂ ಸುರಿದುಬಿಡದಿರಲು. ನಾನು ಪ್ರತಿ ಬೆಳಿಗ್ಗೆಯೂ ನಿನ್ನೆಯ ಅಂಕಿಯನ್ನು ಸೋಲಿಸಲು ಹೊರಡುತ್ತಿದ್ದೆ. ಮೂರನೆಯ ತಿಂಗಳಿಗೆ ಎಡಗಾಲಿನ ಮುಂಮೂಳೆ ನೋಯತೊಡಗಿತ್ತು. ಎರಡು ವಾರ ಮೆಟ್ಟಿಲು ಇಳಿಯುವುದೂ ಕಷ್ಟವಾಗಿತ್ತು.

ಇನ್ನು ಸೈಕಲ್ಲಿನ ವಿಷಯ. ಅದಕ್ಕೆ ಮ್ಯಾರಥಾನ್‌ನ ಕಥೆಗೆ ಹೋಗಬೇಕು. 1896ರಲ್ಲಿ ಅಥೆನ್ಸಿನ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆದಾಗ ದೂರ ಸುಮಾರು 40 ಕಿಲೋಮೀಟರ್. ಆ 'ಸುಮಾರು' ಯಾರನ್ನೂ ಕಾಡಲಿಲ್ಲ. 1908ರ ಲಂಡನ್ನಿನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಪೀಠದ ಎದುರು ಮುಗಿಯಿತು. ಆ ದೂರ 26 ಮೈಲಿ 385 ಗಜ, ಅಂದರೆ 42.195 ಕಿಲೋಮೀಟರ್. 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಅದನ್ನೇ ಖಾಯಂ ಮಾಡಿತು. ಇಂದು ಜಗತ್ತಿನ ಲಕ್ಷಾಂತರ ಜನ ಬೆವರು ಸುರಿಸಿ ಓಡುವ ಆ 195 ಮೀಟರಿನ ಹಿಂದಿರುವುದು ಒಂದು ಅರಮನೆಯ ಅಂಗಳ, ಒಂದು ಕುರ್ಚಿ.

ದೂರವೇನೋ ನಿಗದಿಯಾಯಿತು. ತಿರುವುಗಳಿರುವ ಊರಿನ ರಸ್ತೆಯಲ್ಲಿ ಅದನ್ನು ಅಳೆಯುವುದು ಹೇಗೆ? ಕಾರಿನ ಮೀಟರು ನಂಬುವಂಥದ್ದಲ್ಲ, ಉದ್ದಕ್ಕೂ ಟೇಪು ಹಾಸಲಾಗದು. ಬ್ರಿಟನ್ನಿನ ಜಾನ್ ಜುವೆಲ್, ಅಮೆರಿಕದ ಟೆಡ್ ಕಾರ್ಬಿಟ್ ಮೊದಲಾದವರು 1960ರ ದಶಕದಲ್ಲಿ ಸೈಕಲ್ ವಿಧಾನವನ್ನು ಗಟ್ಟಿಗೊಳಿಸಿದರು. ಕಾರ್ಬಿಟ್ ಸ್ವತಃ ಒಲಿಂಪಿಕ್ ಮ್ಯಾರಥಾನ್ ಓಡಿದವನು. 1971ರಲ್ಲಿ ಅಲನ್ ಜೋನ್ಸ್ ಮುಂಗಾಲಿಗೆ ಕೂರಿಸುವ ಎಣಿಕೆಯ ಪುಟ್ಟ ಯಂತ್ರವೊಂದನ್ನು ರೂಪಿಸಿದ. ಉಕ್ಕಿನ ಟೇಪಿನಿಂದ ಅಳೆದ ನೇರ ದಾರಿಯಲ್ಲಿ ಮೊದಲು ನಾಲ್ಕಾರು ಬಾರಿ ಸೈಕಲ್ ಓಡಿಸಿ ಎಣಿಕೆ ಬರೆದುಕೊಳ್ಳಬೇಕು. ಬಿಸಿಲೇರಿದರೆ ಟೈರು ಉಬ್ಬುತ್ತದೆ, ಹಾಗಾಗಿ ಕೊನೆಗೆ ಮತ್ತೊಮ್ಮೆ ಅದೇ ಪರೀಕ್ಷೆ. ತಿರುವುಗಳಲ್ಲಿ ರಸ್ತೆಯಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲೇ ಸಾಗಬೇಕು. ಅಳತೆ ಎಲ್ಲಿಯೂ ಕಡಿಮೆ ಬೀಳದಿರಲೆಂದು ಸಾವಿರ ಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸಬೇಕು.

ಇಷ್ಟೊಂದು ಜಿಪುಣತನ ಯಾಕೆ ಎಂದು ಕೇಳುವವರು ಆಲ್ಬರ್ಟೊ ಸಲಜಾರ್‌ನ ಕಥೆ ಕೇಳಬೇಕು. 1981ರ ನ್ಯೂಯಾರ್ಕ್ ಮ್ಯಾರಥಾನನ್ನು ಅವನು 2 ಗಂಟೆ 8 ನಿಮಿಷ 13 ಸೆಕೆಂಡಿನಲ್ಲಿ ಗೆದ್ದ. ಹನ್ನೆರಡು ವರ್ಷಗಳಿಂದ ಅಲುಗಾಡದಿದ್ದ ವಿಶ್ವದಾಖಲೆ ಮುರಿಯಿತೆಂದು ಸುದ್ದಿಯಾಯಿತು. ಮುಂದೆ ಆ ದಾರಿಯನ್ನು ಮತ್ತೆ ಅಳೆದಾಗ ಸುಮಾರು 150 ಮೀಟರ್ ಕಡಿಮೆ ಬಂತು. ಅವನು ಓಡಿದ್ದು ಸುಳ್ಳಲ್ಲ, ಬೆವರು ಸುಳ್ಳಲ್ಲ, ಆದರೂ ದಾಖಲೆ ಅಳಿಸಿಹೋಯಿತು. ನೂರೈವತ್ತು ಮೀಟರ್! ನನ್ನ ಗಡಿಯಾರ ನನಗೆ ಬಿಟ್ಟುಕೊಟ್ಟಿದ್ದೂ ಹೆಚ್ಚುಕಡಿಮೆ ಅಷ್ಟೇ ತಾನೆ?

ಹಾಗಾದರೆ ಗಡಿಯಾರ ಯಾಕೆ ತಪ್ಪಿತು? ಅದರ ವಂಶಾವಳಿ ತೆಗೆದರೆ ಮೊದಲ ಹೆಸರು ಸ್ಪುಟ್ನಿಕ್. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಅದನ್ನು ಹಾರಿಸಿದಾಗ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್, ಜಾರ್ಜ್ ವೈಫೆನ್‌ಬಾಕ್ ಎಂಬಿಬ್ಬರು ಅದರ ಬೀಪ್ ಸದ್ದಿಗೆ ಕಿವಿಗೊಟ್ಟರು. ಹತ್ತಿರ ಬರುವ ರೈಲಿನ ಸೀಟಿ ತೀಕ್ಷ್ಣವಾಗಿ, ದೂರ ಹೋಗುವಾಗ ಮಂದವಾಗಿ ಕೇಳುವುದಿಲ್ಲವೇ, ಅದೇ ಬಗೆಯ ಏರಿಳಿತದಿಂದ ಅವರು ಉಪಗ್ರಹದ ಪಥವನ್ನೇ ಕಂಡುಹಿಡಿದರು. ಅವರ ಹಿರಿಯ ಫ್ರಾಂಕ್ ಮ್ಯಾಕ್‌ಕ್ಲೂರ್ ಲೆಕ್ಕವನ್ನು ತಿರುಗಿಸಿ ಹಾಕಿದ: ಉಪಗ್ರಹ ಎಲ್ಲಿದೆಯೆಂದು ಗೊತ್ತಿದ್ದರೆ ನೆಲದ ಮೇಲೆ ನಾವೆಲ್ಲಿದ್ದೇವೆಂದು ತಿಳಿಯಬಹುದಲ್ಲ? ಹಾಗೆ ಹುಟ್ಟಿದ್ದು ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳಿಗೆ ನೆಲೆ ತೋರಿಸುವ ಟ್ರಾನ್ಸಿಟ್ ವ್ಯವಸ್ಥೆ. ಅದರ ಮುಂದಿನ ಪೀಳಿಗೆಯೇ ಜಿಪಿಎಸ್. ಅದರ ಮೊದಲ ಉಪಗ್ರಹ 1978ರ ಫೆಬ್ರುವರಿಯಲ್ಲಿ ಮೇಲೇರಿತು.

1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ಆಕಾಶದೊಳಗೆ ಹೋದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ಜಿಪಿಎಸ್ ಸಿದ್ಧವಾದಾಗ ನಾಗರಿಕರಿಗೂ ಸಿಗುತ್ತದೆ ಎಂದು ಅಮೆರಿಕದ ಅಧ್ಯಕ್ಷ ರೇಗನ್ ಸರ್ಕಾರ ಆಗ ಘೋಷಿಸಿತು. ಸಿಕ್ಕಿತು, ಆದರೆ ಬೇಕೆಂದೇ ಕಲಸಿದ ರೂಪದಲ್ಲಿ. ನಾಗರಿಕರ ಸಂಕೇತದಲ್ಲಿ ನೂರು ಮೀಟರಿನಷ್ಟು ತಪ್ಪು ಬರುವಂತೆ ಮಾಡಲಾಗಿತ್ತು. ಆ ಕಲಬೆರಕೆಯನ್ನು ನಿಲ್ಲಿಸಿದ್ದು 2000ದ ಮೇ ಆರಂಭದಲ್ಲಿ. ಮೂರು ವರ್ಷಗಳ ಬಳಿಕ, 2003ರಲ್ಲಿ, ಗಾರ್ಮಿನ್ ಕಂಪನಿಯ ಫೋರ್‌ರನ್ನರ್ ಓಟಗಾರರ ಮಣಿಕಟ್ಟಿಗೆ ಬಂತು. ಜಲಾಂತರ್ಗಾಮಿಯ ಗುಟ್ಟು ನನ್ನಂಥ ಮೇಷ್ಟ್ರ ಕೈಗೆ ಬಂದ ದಾರಿ ಇದು.

ಗಡಿಯಾರ ಅಳೆಯುವುದು ವಾಸ್ತವವಾಗಿ ಸಮಯವನ್ನು. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ ಸಂಕೇತ ಬರಲು ಹಿಡಿದ ಕಾಲವೇ ದೂರವಾಗುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೂ ದೂರ ಒಂದು ಅಡಿಯಷ್ಟು ಆಚೀಚೆ. ಎತ್ತರದ ಕಟ್ಟಡಕ್ಕೆ ಬಡಿದು ಬಂದ, ಮಳೆಮರದ ಎಲೆಗಳಡಿ ಸೋಸಿ ಬಂದ ಸಂಕೇತ ನನ್ನನ್ನು ಕ್ಷಣಕ್ಕೊಮ್ಮೆ ಎಡಕ್ಕೂ ಬಲಕ್ಕೂ ಸರಿಸಿ ಗುರುತು ಹಾಕುತ್ತದೆ. ಆ ಚುಕ್ಕಿಗಳನ್ನು ಕೂಡಿಸಿದರೆ ನೇರದಾರಿ ಅಂಕುಡೊಂಕಾಗಿ ಉದ್ದವಾಗುತ್ತದೆ. ಅದರ ಮೇಲೆ ನಾನೂ ಜನರನ್ನು ದಾಟುತ್ತ, ತಿರುವುಗಳನ್ನು ಹೊರಸುತ್ತಿನಲ್ಲಿ ಹಿಡಿಯುತ್ತ ಓಡಿದ್ದೆ. ಹಿರಿಯರು ಹೇಳಿದ್ದು ಅಕ್ಷರಶಃ ಸರಿ: ಗಡಿಯಾರ ಅಡ್ಡಾಡಿಕೊಂಡೇ ಬಂದಿತ್ತು, ಅದರ ಜೊತೆ ನಾನೂ.

ಇದೇ ಬೆಂಗಳೂರಿನ ನೆಲದಲ್ಲಿ 1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ನೂರು ಅಡಿ ಉದ್ದದ ಉಕ್ಕಿನ ಸರಪಳಿ ಹಿಡಿದು ಏಳು ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯೊಂದನ್ನು ಅಳೆದಿದ್ದ. ಚೀನಾದ ಚಕ್ರವರ್ತಿಗೆಂದು ಒಯ್ದು ಅಲ್ಲಿ ಬೇಡವಾಗಿ ಮರಳಿದ ಸರಪಳಿ ಅದು. ಬಿಸಿಲಿಗೆ ಉಕ್ಕು ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದವನು ಅವನು. ಇಂದು ಅದೇ ಊರಿನ ಹೊರವಲಯದ ಬ್ಯಾಲಾಳುವಿನಲ್ಲಿ, 2013ರಿಂದ, ಭಾರತದ್ದೇ ನಾವಿಕ್ ಉಪಗ್ರಹಗಳ ಸಂಚಾರ ಕೇಂದ್ರವಿದೆ. ಲ್ಯಾಂಬ್ಟನ್ನನ ಸರಪಳಿ, ಜೋನ್ಸ್‌ನ ಸೈಕಲ್, ಬ್ಯಾಲಾಳುವಿನ ಪರಮಾಣು ಗಡಿಯಾರ ಮೂರರದ್ದೂ ಒಂದೇ ಚಿಂತೆ: ನಮ್ಮ ಅಳತೆ ಎಷ್ಟು ತಪ್ಪಬಹುದು? ಮಗಳು ಗಡಿಯಾರ ಕೊಡಿಸಿದ ದಿನದಿಂದ ನಾನು ಆ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ.

ಹುಡುಕಾಟದ ನಡುವೆ ಇನ್ನೊಂದು 1978 ಎದುರಾಯಿತು. ಮೊದಲ ಜಿಪಿಎಸ್ ಉಪಗ್ರಹ ಹಾರಿದ ಅದೇ ವರ್ಷ, ಜಲಂಧರಿನಲ್ಲಿ ಶಿವನಾಥ ಸಿಂಗ್ ಮ್ಯಾರಥಾನನ್ನು 2 ಗಂಟೆ 12 ನಿಮಿಷಕ್ಕೆ ಓಡಿದರು. ಬಿಹಾರದ ಬಕ್ಸರ್ ಕಡೆಯ ಹಳ್ಳಿಯವರು, ಸೇನೆಯಲ್ಲಿದ್ದವರು, ಬರಿಗಾಲ ಓಟಕ್ಕೆ ಹೆಸರಾದವರು. ಅದಕ್ಕೂ ಎರಡು ವರ್ಷ ಮೊದಲು ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹನ್ನೊಂದನೆಯವರಾಗಿ ಬಂದಿದ್ದರು. ಅವರ ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಿಂತಿತು. ಆ ಅವಧಿಯಲ್ಲಿ ಜಿಪಿಎಸ್ ಪೂರ್ಣಗೊಂಡಿತು, ಗಡಿಯಾರಗಳು ಬಂದವು, ಭಾರತದ ಪ್ರತಿ ನಗರದಲ್ಲೂ ಓಟಗಳು ಹುಟ್ಟಿದವು. ಅವರ ಹೆಸರನ್ನು ತರಗತಿಯಲ್ಲಿ ಕೇಳಿದರೆ ಕೈ ಎತ್ತುವವರು ಒಬ್ಬಿಬ್ಬರೂ ಇರಲಿಲ್ಲ.

ಹಾಗೆಂದು ಗಡಿಯಾರವನ್ನು ಪೆಟ್ಟಿಗೆಗೆ ಸೇರಿಸಲಿಲ್ಲ. ಅದರಲ್ಲಿ ನಾನು ಕಡೆಗಣಿಸಿದ್ದ ಇನ್ನೊಂದು ಅಂಕಿಯಿತ್ತು, ಹೃದಯ ಬಡಿತದ್ದು. 1930ರ ದಶಕದಲ್ಲಿ ಜರ್ಮನಿಯಲ್ಲಿ ತರಬೇತುದಾರ ಗೆರ್ಷ್ಲರ್ ಮತ್ತು ವೈದ್ಯ ರೈಂಡೆಲ್ ಓಟಗಾರರ ನಾಡಿ ಎಣಿಸುತ್ತಿದ್ದರು. ಅದು 120ಕ್ಕೆ ಇಳಿದ ಮೇಲೆಯೇ ಮುಂದಿನ ಸುತ್ತು. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದ. 1982ರಲ್ಲಿ ಫಿನ್ಲೆಂಡಿನ ಪೋಲಾರ್ ಕಂಪನಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತ ಕಳಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಈಗ ಗಡಿಯಾರದ ಬೆನ್ನಿನ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ನೋಡಿ ಅದನ್ನು ಊಹಿಸುತ್ತದೆ.

ವೈದ್ಯರ ಬಳಿ ತಪಾಸಣೆ ಮಾಡಿಸಿಕೊಂಡು, ಪರದೆಯಿಂದ ವೇಗದ ಅಂಕಿ ತೆಗೆದು ಬಡಿತವನ್ನಷ್ಟೇ ಉಳಿಸಿದೆ. ವಾರದ ನಾಲ್ಕು ಓಟಗಳಲ್ಲಿ ಮೂರನ್ನು ಮಾತಾಡಿಕೊಂಡು ಓಡುವಷ್ಟು ನಿಧಾನ ಮಾಡಿದೆ. ಜೊತೆಗೆ ಮಾತಾಡಲು ಆ ಹಿರಿಯರೇ ಸಿಕ್ಕರು. ಮೊದಮೊದಲು ನಮ್ಮನ್ನು ವಾಕಿಂಗಿನವರೂ ದಾಟಿ ಹೋಗುತ್ತಿದ್ದರು. ನಾಲ್ಕೈದು ತಿಂಗಳಾದ ಮೇಲೆ ಅದೇ ಬಡಿತಕ್ಕೆ ಮೊದಲಿಗಿಂತ ದೂರ ಸಾಗುತ್ತಿದ್ದೆ. ಮುಂಮೂಳೆ ಮತ್ತೆ ನೋಯಲಿಲ್ಲ.

ಮರುವರ್ಷ ಅದೇ ಓಟಕ್ಕೆ ಹೋದೆ. ಗಡಿಯಾರ ತಾನಾಗಿ ಕಿಲೋಮೀಟರ್ ಎಣಿಸುವುದನ್ನು ನಿಲ್ಲಿಸಿ, ರಸ್ತೆ ಬದಿಯ ಪ್ರತಿ ಫಲಕ ಬಂದಾಗ ನಾನೇ ಗುಂಡಿ ಒತ್ತಿದೆ. ಮೊದಲನೆಯದು ಆರು ನಿಮಿಷಕ್ಕೂ ತುಸು ಹೆಚ್ಚಾಯಿತು. ಆತುರಪಡಲಿಲ್ಲ. ಆಮೇಲಿನವು ಒಂದೇ ಹದದಲ್ಲಿ ಬಂದವು. ಒಂಬತ್ತರ ಫಲಕ ದಾಟಿದ ಮೇಲೆ ಮಣಿಕಟ್ಟನ್ನು ನೋಡಲೇ ಇಲ್ಲ. ನೂರ್ಮಿಯಂತೆ ಎಸೆಯುವ ಧೈರ್ಯವಿರಲಿಲ್ಲ. ಮಗಳ ಮೊದಲ ಸಂಬಳ ಅದು.

ಕಮಾನು ದಾಟಿದಾಗ 59 ನಿಮಿಷ 20 ಸೆಕೆಂಡಾಗಿತ್ತು. ಹಿರಿಯರು ಆಗಲೇ ಬಂದು ಬಾಳೆಹಣ್ಣು ಸುಲಿಯುತ್ತಿದ್ದರು. "ಈ ಸಲ ನಿಮ್ಮ ಗಡಿಯಾರ ಎಷ್ಟು ದೂರ ಅಂತು ಮೇಷ್ಟ್ರೇ?" ಎಂದು ಕೇಳಿದರು. ನೋಡಿದೆ. 10.13 ಕಿಲೋಮೀಟರ್ ಎಂದಿತ್ತು. ಒಂದು ಹಣ್ಣನ್ನು ಮುರಿದು ಅರ್ಧ ನನಗೆ ಕೊಟ್ಟರು.